ಚೆನ್ನೈಲಿ ಕ್ಯಾಮೆರಾ ಅಗ್ಗವಂತೆ, ನಿಜವಾ? ಹೆಮ್ಮರಗಾಲದಿಂದ ಒಂದು ಜಿಎಸ್‌ಟಿ ಲೆಕ್ಕ

"ಅಣ್ಣಾ, ಮೈಸೂರಲ್ಲಿ ಒಂದು ಲಕ್ಷದ ಹದಿನೆಂಟು ಸಾವ್ರ ಹೇಳ್ತಾವ್ರೆ. ಚೆನ್ನೈಲಿ ಅದೇ ಕ್ಯಾಮೆರಾ ಒಂದು ಲಕ್ಷದ ಎರಡು ಸಾವ್ರಕ್ಕೆ ಸಿಕ್ತದಂತೆ. ಅಲ್ಲಿ ಟ್ಯಾಕ್ಸು ಕಮ್ಮಿಯಂತೆ ಕಣಣ್ಣ. ರಾತ್ರಿ ರೈಲಿಗೆ ಹೋಗ್ಬುಟ್ಟು ಬಂದ್ಬುಡ್ಲಾ?"

ಫೋನ್ ಮಾಡಿದವನು ನಂಜನಗೂಡು ತಾಲೂಕಿನ ಹೆಮ್ಮರಗಾಲದ ಹುಡುಗ, ನನಗೆ ದೂರದ ಸಂಬಂಧದಲ್ಲಿ ತಮ್ಮನಾಗಬೇಕು. ಫೋಟೊ ತೆಗೆಯೋದೇ ಅವನ ಕಸುಬು. ಮದುವೆ, ಗೃಹಪ್ರವೇಶ, ಆರತಿ ಶಾಸ್ತ್ರ, ಏನು ಬಂದರೂ ಒಪ್ಪಿಕೊಳ್ತಾನೆ. ಊರಿನ ಸಂತಾನ ವೇಣುಗೋಪಾಲಸ್ವಾಮಿಗೆ ಹರಕೆ ಹೊತ್ತು, ಮಗುವಾದ ಮೇಲೆ ಎತ್ತಿಕೊಂಡು ಬರುವ ಕುಟುಂಬಗಳಿಗೂ ಅವನೇ ಫೋಟೊಗ್ರಾಫರ್. ಅತ್ತ ತಿ. ನರಸೀಪುರದ ಛತ್ರಗಳವರೆಗೂ ಅವನ ಸ್ಕೂಟರ್ ಓಡುತ್ತೆ. ಹಳೇ ಕ್ಯಾಮೆರಾ ಕೈಕೊಡುತ್ತಿದೆ, ಮದುವೆ ಸೀಸನ್ ಹತ್ತಿರ ಬಂದಿದೆ. ಅವನಿಗೆ 16,000 ರೂಪಾಯಿ ಅಂದ್ರೆ ಸಣ್ಣ ಮೊತ್ತ ಅಲ್ಲ.

ಟ್ಯಾಕ್ಸ್ ಕಮ್ಮಿ ಅನ್ನೋದನ್ನ ಅವನ ತಲೆಗೆ ತುಂಬಿದ್ದು ಕೆನಡಾದಲ್ಲಿ ಓದುತ್ತಿರುವ ಅವನ ಸೋದರಮಾವನ ಮಗ. "ಇಲ್ಲಿ ಪ್ರಾಂತ್ಯ ಬದಲಾದ್ರೆ ಕ್ಯಾಮೆರಾ ಬೆಲೆನೂ ಬದಲಾಯ್ತದೆ, ಅಲ್ಲೂ ಹಂಗೇ ಇರ್ಬೇಕು" ಅಂದಿದ್ದನಂತೆ. ಕೆನಡಾ ವಿಚಾರದಲ್ಲಿ ಆ ಹುಡುಗ ಹೇಳಿದ್ದು ಪೂರ್ತಿ ಸರಿ. ನಮ್ಮ ವಿಚಾರದಲ್ಲಿ ಪೂರ್ತಿ ತಪ್ಪು. ಈ ಸರಿ–ತಪ್ಪಿನ ನಡುವೆ ನಮ್ಮ ಒಕ್ಕೂಟದ ಇಡೀ ಜಗಳ ಕೂತಿದೆ. ಹಾಗಾಗಿ ಫೋನಲ್ಲಿ ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದ್ದೀನಿ.

ಮೊದಲು ಕೆನಡಾ. ಅಲ್ಲಿ ಕೇಂದ್ರದ ಜಿಎಸ್‌ಟಿ 5%. ಅದರ ಮೇಲೆ ಎಷ್ಟು ಹಾಕಬೇಕು ಅನ್ನೋದು ಪ್ರಾಂತ್ಯದ ಇಷ್ಟ. ಆಲ್ಬರ್ಟಾ ಪ್ರಾಂತ್ಯ ತನ್ನ ಮಾರಾಟ ತೆರಿಗೆಯನ್ನೇ ಹಾಕೋದಿಲ್ಲ. ಒಂಟಾರಿಯೊದಲ್ಲಿ ಎರಡೂ ಸೇರಿ 13%. ಕ್ವಿಬೆಕ್ 9.975% ಅಂತ ಮೂರು ದಶಾಂಶದ ದರ ಇಟ್ಟುಕೊಂಡು ತಾನೇ ವಸೂಲಿ ಮಾಡುತ್ತೆ. ಅಂಗಡಿಯ ಚೀಟಿಯಲ್ಲಿ 2,000 ಡಾಲರ್ ಅಂತ ಬರೆದ ಕ್ಯಾಮೆರಾಗೆ ಕ್ಯಾಲ್ಗರಿಯಲ್ಲಿ 2,100 ಕೊಡಬೇಕು, ಟೊರಾಂಟೊದಲ್ಲಿ 2,260. ಒಂದೇ ದೇಶ, ಒಂದೇ ಕ್ಯಾಮೆರಾ, 160 ಡಾಲರ್ ವ್ಯತ್ಯಾಸ. ಆನ್‌ಲೈನಲ್ಲಿ ತರಿಸಿದರೆ ಮಾತ್ರ ಈ ಆಟ ನಡೆಯಲ್ಲ. ಪಾರ್ಸೆಲ್ ಯಾವ ಪ್ರಾಂತ್ಯಕ್ಕೆ ಹೋಗುತ್ತೋ ಅಲ್ಲಿನ ತೆರಿಗೆ. ಅಂಗಡಿಗೆ ಹೋಗಿ ಕೊಂಡು ಒಂಟಾರಿಯೊಗೆ ತಂದವರೂ ವ್ಯತ್ಯಾಸವನ್ನು ತಾವಾಗಿಯೇ ಲೆಕ್ಕ ಹಾಕಿ ಕಟ್ಟಬೇಕು ಅಂತ ನಿಯಮ ಇದೆ. ಎಷ್ಟು ಜನ ಪಾಲಿಸ್ತಾರೋ, ಆ ಮಾತು ಬೇರೆ.

ಈಗ ನಮ್ಮ ಕಡೆ ಬನ್ನಿ. ಮೈಸೂರಲ್ಲಿ ಕ್ಯಾಮೆರಾ ಮೇಲೆ ಜಿಎಸ್‌ಟಿ 18%. ಚೆನ್ನೈಯಲ್ಲಿ 18%. ಕೊಯಮತ್ತೂರು, ಸುಲ್ತಾನ್ ಬತ್ತೇರಿ, ಪಣಜಿ, ಪುದುಚೇರಿ ಎಲ್ಲೇ ಹೋದರೂ 18%. ಬೆಲೆ ಬೇರೆ ಬೇರೆ ಇರಬಹುದು, ಅಂಗಡಿಯವನು ತನ್ನ ಲಾಭ ಬಿಟ್ಟುಕೊಡಬಹುದು, ಹಳೇ ಸ್ಟಾಕ್ ಖಾಲಿ ಮಾಡ್ತಿರಬಹುದು. ತೆರಿಗೆ ಮಾತ್ರ ಒಂದೇ. ಇಲ್ಲಿ ಎಂಆರ್‌ಪಿ ಒಳಗೇ ಎಲ್ಲ ತೆರಿಗೆಯೂ ಸೇರಿರಬೇಕು ಅನ್ನೋದು ಕಾನೂನು. ಹಾಗಾಗಿ ಕೆನಡಾದವರಂತೆ ಕೌಂಟರಿನಲ್ಲಿ ತೆರಿಗೆ ನಮ್ಮ ಕಣ್ಣಿಗೆ ಬೀಳೋದಿಲ್ಲ. ಕಣ್ಣಿಗೆ ಬೀಳದ್ದರ ಬಗ್ಗೆ "ಅಂತೆ"ಗಳು ಹುಟ್ಟೋದು ಸಹಜ.

ಹಾಗಾದ್ರೆ ಆ 1,02,000 ಎಲ್ಲಿಂದ ಬಂತು? ತಮ್ಮನಿಗೆ ಕೇಳಿದೆ: "ಬಿಲ್ ಕೊಡ್ತಾರಾ?" ಸ್ವಲ್ಪ ಹೊತ್ತು ಸುಮ್ಮನಿದ್ದ. "ಬಿಲ್ ಬೇಕಂದ್ರೆ ರೇಟ್ ಬೇರೆ ಅಂದ್ರಣ್ಣ."

ಅಲ್ಲಿಗೆ ವಿಷಯ ಬಯಲಾಯ್ತು. 1 ಲಕ್ಷದ ಮಾಲಿಗೆ 18,000 ತೆರಿಗೆ ಸೇರಿದರೆ 1,18,000. ಬಿಲ್ ಇಲ್ಲದೆ 1,02,000 ಅಂದ್ರೆ ತೆರಿಗೆಯಲ್ಲಿ 16,000 ನಿನಗೆ, 2,000 ಅಂಗಡಿಯವನಿಗೆ. ಅದು ತಮಿಳುನಾಡಿನ ತೆರಿಗೆ ದರದ ಪ್ರಶ್ನೆಯೇ ಅಲ್ಲ. ಇದೇ 'ಆಫರ್' ಮೈಸೂರಿನಲ್ಲೂ ಹುಡುಕಿದರೆ ಸಿಗುತ್ತೆ, ಬೆಂಗಳೂರಿನಲ್ಲೂ ಸಿಗುತ್ತೆ. ಇನ್ನೊಂದು ಸಾಧ್ಯತೆ ಗ್ರೇ ಮಾರ್ಕೆಟ್: ಕಂಪನಿಯ ಅಧಿಕೃತ ದಾರಿ ಬಿಟ್ಟು ಹೊರದೇಶದಿಂದ ಒಳಗೆ ಬಂದ ಮಾಲು. ಕ್ಯಾಮೆರಾ ಅಸಲಿಯೇ ಇರಬಹುದು, ಆದರೆ ಇಲ್ಲಿನ ಸರ್ವೀಸ್ ಸೆಂಟರಿನವರು ವಾರಂಟಿಯಲ್ಲಿ ಅದನ್ನು ಮುಟ್ಟೋದಿಲ್ಲ. ಧಾರೆ ನಡೀತಿರುವಾಗ ಶಟರ್ ನಿಂತುಹೋದರೆ, ಉಳಿಸಿದ 16,000 ಹುಡುಗಿಯ ಅಪ್ಪನಿಗೆ ಸಮಾಧಾನ ಹೇಳೋಕೂ ಸಾಕಾಗಲ್ಲ. ಬಿಲ್ ಇಲ್ಲದ ಮಾಲಿಗೆ ಇನ್ಶೂರೆನ್ಸ್ ಇಲ್ಲ, ಕಂತಿನ ಸಾಲ ಇಲ್ಲ. ಮುದ್ರಾ ಸಾಲಕ್ಕೆ ಹೋದರೆ ಬ್ಯಾಂಕಿನವರು ಮೊದಲು ಕೇಳೋದೇ ಕೊಟೇಶನ್ನು.

ಮೊದಲಿಂದಲೂ ಹೀಗೇ ಇತ್ತಾ?

ಇರಲಿಲ್ಲ. ನಮ್ಮ ಹಳೇ ಊರುಗಳ ಹೆಸರಲ್ಲಿ ಸುಂಕದಕಟ್ಟೆ ಅಂತ ಸುಮ್ಮನೆ ಉಳಿದಿಲ್ಲ. ಜಿಎಸ್‌ಟಿಗೆ ಮುಂಚೆ ಮಾರಾಟ ತೆರಿಗೆ ರಾಜ್ಯದ ಸ್ವಂತ ಅಧಿಕಾರ. ರಾಜ್ಯ ರಾಜ್ಯಗಳು ಒಬ್ಬರಿಗಿಂತ ಒಬ್ಬರು ದರ ಇಳಿಸಿ ವ್ಯಾಪಾರ ಸೆಳೆಯುತ್ತಿದ್ದವು. ಈ ಪೈಪೋಟಿ ಎಷ್ಟು ಅತಿಯಾಯ್ತು ಅಂದ್ರೆ, ಎಲ್ಲರೂ ಕೂತು ಮಾತಾಡಿ 2000ದ ಜನವರಿಯಿಂದ ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಕನಿಷ್ಠ ದರಗಳನ್ನು ಒಪ್ಪಿಕೊಳ್ಳಬೇಕಾಯ್ತು. ಕರ್ನಾಟಕಕ್ಕೆ ವ್ಯಾಟ್ ಬಂದಿದ್ದು 2005ರ ಏಪ್ರಿಲ್‌ನಲ್ಲಿ, ತಮಿಳುನಾಡಿಗೆ 2007ರ ಜನವರಿಯಲ್ಲಿ. ಆ ನಡುವಿನ ದಿನಗಳಲ್ಲಿ ಗಡಿ ದಾಟಿ ಬೆಲೆ ಹೋಲಿಸೋದಕ್ಕೆ ನಿಜವಾದ ಅರ್ಥ ಇತ್ತು. ಆಮೇಲಾಮೇಲೆ ದರಗಳು ಹತ್ತಿರ ಬಂದವು. ಕೊನೆಯ ವರ್ಷಗಳಲ್ಲಿ ಯಾವ ವಿಶೇಷ ಪಟ್ಟಿಗೂ ಸೇರದ ಸರಕಿಗೆ ಎರಡೂ ರಾಜ್ಯಗಳಲ್ಲಿ 14.5% ಇತ್ತು.

2017ರ ಜುಲೈ 1ರಿಂದ ಎಲ್ಲ ಒಂದೇ. ಡಿಜಿಟಲ್ ಕ್ಯಾಮೆರಾವನ್ನು ಮೊದಲು ಇಟ್ಟಿದ್ದು 28%ರ ಸ್ಲ್ಯಾಬಿನಲ್ಲಿ. ಕೂಲಿಗೆ ಹೋಗುವವನಿಗೆ ಹಾರೆ ಹೇಗೋ ಫೋಟೊಗ್ರಾಫರಿಗೆ ಕ್ಯಾಮೆರಾ ಹಾಗೆ ಅನ್ನೋದು ದಿಲ್ಲಿಯಲ್ಲಿ ಕೂತವರಿಗೆ ಹೊಳೆಯಲಿಲ್ಲ, ಐಷಾರಾಮಿ ವಸ್ತು ಅಂದುಕೊಂಡರು. 2018ರ ಡಿಸೆಂಬರ್ 22ರ ಕೌನ್ಸಿಲ್ ಸಭೆಯಲ್ಲಿ ಅದು 18%ಕ್ಕೆ ಇಳಿಯಿತು, 2019ರ ಜನವರಿ 1ರಿಂದ ಜಾರಿ. ಅಲ್ಲಿಂದ ಇವತ್ತಿನವರೆಗೂ ಅದೇ ದರ. ಇಲ್ಲೊಂದು ಎಚ್ಚರಿಕೆ: 2025ರ ಸೆಪ್ಟೆಂಬರ್ 22ರಂದು, ಅಂದ್ರೆ ಬಾನು ಮುಷ್ತಾಕ್ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದ ದಿನವೇ, ಹೊಸ ಜಿಎಸ್‌ಟಿ ದರಗಳು ಬಂದವು. ದೊಡ್ಡ ಟಿವಿ, ಎಸಿಗಳು 28ರಿಂದ 18ಕ್ಕೆ ಇಳಿದವು. ಕ್ಯಾಮೆರಾ ಮೊದಲೇ 18ರಲ್ಲಿತ್ತು, ಅಲ್ಲೇ ಉಳಿಯಿತು. "ಜಿಎಸ್‌ಟಿ ಇಳಿಕೆ ಆಫರ್" ಅಂತ ಯಾರಾದರೂ ಕ್ಯಾಮೆರಾ ಮಾರೋಕೆ ಬಂದರೆ, ಇಳಿದಿದ್ದು ಅವರ ಬೆಲೆ ಇರಬಹುದು, ತೆರಿಗೆ ಖಂಡಿತ ಅಲ್ಲ.

ಈ ಎಲ್ಲ ಕಾಲದಲ್ಲಿ ನಮ್ಮ ಅಕ್ಕಪಕ್ಕದಲ್ಲಿ ರಾಜ್ಯದ ಗಡಿ ದಾಟಿದರೆ ಕ್ಯಾಮೆರಾ ತೆರಿಗೆ ಬದಲಾದದ್ದು ಒಂದೇ ಒಂದು ಸಲ. 2018ರ ಪ್ರವಾಹದಿಂದ ಕೇರಳ ನಲುಗಿದಾಗ, ಪುನರ್ನಿರ್ಮಾಣಕ್ಕೆ 1% ಸೆಸ್ ಹಾಕಲು ಕೌನ್ಸಿಲ್ ಒಪ್ಪಿಗೆ ಕೊಟ್ಟಿತು. 2019ರ ಆಗಸ್ಟ್ 1ರಿಂದ 2021ರ ಜುಲೈ 31ರವರೆಗೆ ಆ ಸೆಸ್ ಇತ್ತು. ಆ ಎರಡು ವರ್ಷ ಗುಂಡ್ಲುಪೇಟೆ ದಾಟಿ ಬತ್ತೇರಿಗೆ ಹೋಗಿ ಲಕ್ಷ ರೂಪಾಯಿಯ ಕ್ಯಾಮೆರಾ ಕೊಂಡವರು 1,000 ಹೆಚ್ಚು ಕೊಟ್ಟರು. ಇದರ ಮರ್ಮ ಗಮನಿಸಿ: ತನ್ನ ಜನ ನೀರಲ್ಲಿ ಮುಳುಗಿದ್ದಾಗಲೂ ಕೇರಳ ಸರ್ಕಾರ 1% ತೆರಿಗೆಗಾಗಿ ದಿಲ್ಲಿಯ ಮೇಜಿನ ಮುಂದೆ ಕೂತು ಅನುಮತಿ ಕೇಳಬೇಕಾಯ್ತು. ಕೆನಡಾದ ನೋವಾ ಸ್ಕೋಶಿಯಾ 2025ರ ಏಪ್ರಿಲ್ 1ರಿಂದ ತನ್ನ ಪಾಲಿನ 1% ಇಳಿಸಿಕೊಂಡಿತು, ಅದು ಆ ಪ್ರಾಂತ್ಯದವರೇ ಮಾಡಿದ ತೀರ್ಮಾನ.

ಜಿಎಸ್‌ಟಿ ಕೌನ್ಸಿಲ್ ಮತದಾನದಲ್ಲಿ ಕೇಂದ್ರದ ತೂಕ ಮೂರನೇ ಒಂದು ಭಾಗ, ಎಲ್ಲ ರಾಜ್ಯಗಳದ್ದೂ ಸೇರಿ ಮೂರನೇ ಎರಡು ಭಾಗ. ತೀರ್ಮಾನ ಪಾಸಾಗಲು ನಾಲ್ಕರಲ್ಲಿ ಮೂರು ಭಾಗ ಬೇಕು. ಅಂದ್ರೆ ದೇಶದ ಎಲ್ಲ ರಾಜ್ಯಗಳೂ ಒಟ್ಟಾಗಿ ಕೈ ಎತ್ತಿದರೂ ಕೇಂದ್ರ ಒಪ್ಪದಿದ್ದರೆ ಕ್ಯಾಮೆರಾ ದರ ಒಂದು ಪೈಸೆ ಬದಲಾಗೋದಿಲ್ಲ. ಕರ್ನಾಟಕ ವಿಧಾನಸಭೆಯ 224 ಶಾಸಕರೂ ಒಮ್ಮತದಿಂದ "ಫೋಟೊಗ್ರಾಫರ್‌ಗಳಿಗೆ 12% ಸಾಕು" ಅಂದರೂ ಅದು ಬರೀ ಮಾತು. ಪೆಟ್ರೋಲು, ಮದ್ಯ, ವಾಹನ ತೆರಿಗೆಯಂಥ ಕೆಲವು ಇನ್ನೂ ರಾಜ್ಯದ ಕೈಯಲ್ಲಿವೆ. ಅದಕ್ಕೇ ಕಾಸರಗೋಡು ಕಡೆಯವರು ತಲಪಾಡಿ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಳ್ತಾರೆ, ಬೆಂಗಳೂರಲ್ಲಿ ಪುದುಚೇರಿ ನಂಬರಿನ ದೊಡ್ಡ ದೊಡ್ಡ ಕಾರುಗಳು ಓಡಾಡ್ತವೆ. ಹೋಲಿಸಿ ಕೊಳ್ಳೋ ಚಾಳಿ ಸತ್ತಿಲ್ಲ, ಹೋಲಿಸೋಕೆ ಉಳಿದಿರೋ ವಸ್ತು ಕಮ್ಮಿ ಅಷ್ಟೆ.

ಆ 18,000 ಯಾರಿಗೆ ಹೋಗುತ್ತೆ?

ನನ್ನ ಮಟ್ಟಿಗೆ ತಮ್ಮನ ಪ್ರಶ್ನೆಯ ಒಳಗಿದ್ದ ದೊಡ್ಡ ಪ್ರಶ್ನೆ ಇದು.

ಮೈಸೂರಲ್ಲಿ ಬಿಲ್ ಹಾಕಿಸಿ ಕೊಂಡರೆ 9,000 ಕೇಂದ್ರಕ್ಕೆ, 9,000 ಕರ್ನಾಟಕಕ್ಕೆ. ಬಿಲ್ಲಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡು ಸಾಲು ಇರುತ್ತೆ, ನೋಡಿ. ಕೇಂದ್ರಕ್ಕೆ ಹೋದ 9,000ದಲ್ಲಿ ಒಂದಿಷ್ಟು ರಾಜ್ಯಗಳಿಗೆ ಹಂಚಿಕೆಯಾಗಿ ವಾಪಸ್ ಬರುತ್ತೆ. ಎಷ್ಟು? 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ 41% ರಾಜ್ಯಗಳಿಗೆ ಹೋಗುತ್ತಿತ್ತು, ಅಂದ್ರೆ 3,690. ಅದರಲ್ಲಿ ಕರ್ನಾಟಕದ ಪಾಲು 3.647% ಇತ್ತು. ಕ್ಯಾಲ್ಕುಲೇಟರ್ ಒತ್ತಿ: ಸುಮಾರು 135 ರೂಪಾಯಿ. 14ನೇ ಆಯೋಗದ ಕಾಲದಲ್ಲಿ 42%, ಕರ್ನಾಟಕದ ಪಾಲು 4.713% ಇತ್ತು. ಇದೇ 9,000ಕ್ಕೆ ಆಗ ಸುಮಾರು 178 ಬರುತ್ತಿತ್ತು. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಚಿವರು, ಶಾಸಕರನ್ನು ಕಟ್ಟಿಕೊಂಡು ಜಂತರ್ ಮಂತರ್‌ನಲ್ಲಿ "ನನ್ನ ತೆರಿಗೆ ನನ್ನ ಹಕ್ಕು" ಅಂತ ಕೂತಿದ್ದು ಈ ಇಳಿಕೆಯ ವಿರುದ್ಧವೇ. ಅವರ ವರುಣಾ ಕ್ಷೇತ್ರ ನಂಜನಗೂಡು, ತಿ. ನರಸೀಪುರ ತಾಲೂಕುಗಳ ಊರುಗಳನ್ನೂ ಒಳಗೊಂಡಿದೆ. ಆ ಘೋಷಣೆಯ ಬೋರ್ಡು ನೋಡಿದ್ದ ನಮ್ಮ ಹುಡುಗನಿಗೆ ಅದರ ಅರ್ಥ ರೂಪಾಯಿ ಲೆಕ್ಕದಲ್ಲಿ ಗೊತ್ತಾಗಿದ್ದು ಈ ಫೋನಿನಲ್ಲೇ.

ಈಗ ಚೆನ್ನೈಗೆ ಹೋಗಿ ಸರಿಯಾಗಿ ಬಿಲ್ ಹಾಕಿಸಿಯೇ ಕೊಂಡ ಅಂದುಕೊಳ್ಳಿ. ಜಿಎಸ್‌ಟಿಯ ಮೂಲ ತತ್ವ ಏನಂದ್ರೆ, ಸರಕು ಎಲ್ಲಿ ಬಳಕೆಯಾಗುತ್ತೋ ಆ ರಾಜ್ಯಕ್ಕೆ ತೆರಿಗೆ. ಆನ್‌ಲೈನಲ್ಲಿ ತರಿಸಿದರೆ ಇದು ತಾನಾಗಿಯೇ ನಡೆಯುತ್ತೆ: ಬೇರೆ ರಾಜ್ಯದ ಗೋದಾಮಿನಿಂದ ಬಂದರೂ ಐಜಿಎಸ್‌ಟಿ 18% ಹಾಕ್ತಾರೆ, ರಾಜ್ಯದ ಅರ್ಧ ಆಮೇಲೆ ಕರ್ನಾಟಕಕ್ಕೆ ಬರುತ್ತೆ. ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ತಂದಾಗ ಏನು? ಹಿಂದೆಲ್ಲ ಕೌಂಟರ್ ಇದ್ದ ರಾಜ್ಯಕ್ಕೇ ಆ ಪಾಲು ಹೋಗುತ್ತಿತ್ತು. 2023ರ ಅಕ್ಟೋಬರ್ 1ರಿಂದ ಒಂದು ತಿದ್ದುಪಡಿ ಬಂದಿದೆ. ಜಿಎಸ್‌ಟಿ ನೋಂದಣಿ ಇಲ್ಲದ ಗ್ರಾಹಕ ಕೊಂಡರೆ, ಬಿಲ್ಲಿನ ಮೇಲೆ ಬರೆದ ಅವನ ವಿಳಾಸವೇ ಸರಕು ತಲುಪಿದ ಜಾಗ. ವಿಳಾಸ ಬರೆಯದಿದ್ದರೆ ಮಾತ್ರ ಅಂಗಡಿ ಇರುವ ರಾಜ್ಯ. ಪೂರ್ತಿ ವಿಳಾಸವೂ ಬೇಡ, ರಾಜ್ಯದ ಹೆಸರಿದ್ದರೆ ಸಾಕು ಅಂತ ಕಾನೂನೇ ಹೇಳುತ್ತೆ. 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮಾಲಿಗೆ ಅಂಗಡಿಯವರು ಗ್ರಾಹಕನ ಹೆಸರು, ವಿಳಾಸ, ರಾಜ್ಯ ಬರೆಯಲೇಬೇಕು.

ಅಂದ್ರೆ ಚೆನ್ನೈ ಕೌಂಟರಿನಲ್ಲಿ ನಿಂತ ಹೆಮ್ಮರಗಾಲದ ಹುಡುಗ "ಕರ್ನಾಟಕ ಅಂತ ಬರೀರಿ" ಅಂದರೆ 9,000 ಇತ್ತ ಬರುತ್ತೆ. ಅವಸರದಲ್ಲಿ ಬರೆಸದೇ ಬಂದರೆ ಅತ್ತಲೇ ಉಳಿಯುತ್ತೆ. (ತಮಿಳುನಾಡಿಗೆ ಹೋದರೇನು, ಅವರೂ ಬಸ್ಸು ಓಡಿಸ್ತಾರೆ, ಶಾಲೆ ನಡೆಸ್ತಾರೆ ಅನ್ನುವವರ ಜೊತೆ ನನ್ನ ಜಗಳವಿಲ್ಲ.) ಹಣಕಾಸು ಆಯೋಗದ ದಾರಿಯಲ್ಲಿ 135ಕ್ಕೆ ಧರಣಿ ಕೂತ ರಾಜ್ಯ, ಬಿಲ್ಲಿನ ಒಂದು ಪದದಲ್ಲಿ ನಿಂತಿರುವ 9,000ದ ಬಗ್ಗೆ ತನ್ನ ಜನಕ್ಕೆ ಒಂದು ಬೋರ್ಡನ್ನಾದರೂ ಹಾಕಬಾರದೇ ಅಂತ ನನಗನ್ನಿಸುತ್ತೆ. ಬಿಲ್ಲೇ ಇಲ್ಲದ ವ್ಯಾಪಾರದಲ್ಲಂತೂ ಎರಡೂ ರಾಜ್ಯಕ್ಕೆ ಸೊನ್ನೆ.

ಇಷ್ಟು ಕೇಳಿಸಿಕೊಂಡ ತಮ್ಮ ಒಂದು ಮಾತು ಕೇಳಿದ. ಅದಕ್ಕೆ ನನ್ನ ಹತ್ರ ಒಳ್ಳೇ ಉತ್ತರ ಇರಲಿಲ್ಲ. "ಸರಿ ಕಣಣ್ಣ, ನಾನು 18,000 ಕಟ್ತೀನಿ. ಬೆಂಗ್ಳೂರಿಂದ ಡ್ರೋನ್ ತಕ್ಕೊಂಡು ಮೈಸೂರಿಗೆ ಮದ್ವೆ ಮಾಡೋಕೆ ಬತ್ತಾರಲ್ಲ ಕಂಪ್ನಿಯವ್ರು, ಅವ್ರೂ ಅಷ್ಟೇ ಕಟ್ತಾರಾ?"

ಕಟ್ತಾರೆ, ಆದರೆ ವಾಪಸ್ ಪಡೀತಾರೆ. ನೋಂದಣಿ ಇರುವ ಕಂಪನಿ ಕ್ಯಾಮೆರಾ ಮೇಲೆ ಕೊಟ್ಟ 18,000ವನ್ನು ತಾನು ಗ್ರಾಹಕರಿಂದ ವಸೂಲಿ ಮಾಡಿದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುತ್ತೆ. ಹೂಡುವಳಿ ತೆರಿಗೆ ಜಮೆ ಅಂತಾರೆ ಇದಕ್ಕೆ, ಬಾಯಿಮಾತಲ್ಲಿ ಐಟಿಸಿ. ಅವರಿಗೆ ಆ ಕ್ಯಾಮೆರಾ ಬಿದ್ದಿದ್ದು 1 ಲಕ್ಷಕ್ಕೆ. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ, ನೋಂದಣಿ ಇಲ್ಲದ ಹಳ್ಳಿಯ ಫೋಟೊಗ್ರಾಫರ್‌ಗೆ 1,18,000. ಮೈಸೂರಿಗೂ ಚೆನ್ನೈಗೂ ಇಲ್ಲದ ವ್ಯತ್ಯಾಸ ಹೆಮ್ಮರಗಾಲಕ್ಕೂ ಬೆಂಗಳೂರಿನ ಕಂಪನಿಗೂ ಇದೆ.

"ಹಂಗಾದ್ರೆ ನಾನೂ ರಿಜಿಸ್ಟ್ರೇಶನ್ ಮಾಡುಸ್ಲಾ?" ಮಾಡಿಸಬಹುದು, ಸ್ವಂತ ಇಚ್ಛೆಯಿಂದ ಮಾಡಿಸೋಕೆ ಅವಕಾಶ ಇದೆ. ಲೆಕ್ಕ ನೋಡಿ. ಅವನು ಒಂದು ಮದುವೆಗೆ ಆಲ್ಬಮ್, ವಿಡಿಯೊ ಸೇರಿ 60,000 ತಗೋತಾನೆ ಅಂತಿಟ್ಟುಕೊಳ್ಳಿ. ನೋಂದಣಿಯಾದ ಮೇಲೆ 18% ಸೇರಿಸಿ 70,800 ಕೇಳಬೇಕು. ಕಂಪನಿಯ ಗ್ರಾಹಕನಾದರೆ ಕೊಟ್ಟಾನು. ಸಾಲ ಮಾಡಿ ಮಗಳ ಮದುವೆ ಮಾಡುವ ರೈತ ಕೊಡಲ್ಲ, ಪಕ್ಕದೂರಿನ ಇನ್ನೊಬ್ಬನ ಹತ್ರ ಹೋಗ್ತಾನೆ. 60,000ಕ್ಕೇ ಒಪ್ಪಿಕೊಂಡರೆ ಇವನ ಕೈಯಲ್ಲಿ ಉಳಿಯೋದು ಸುಮಾರು 50,847, ಉಳಿದ 9,153 ತೆರಿಗೆ. ಎರಡೇ ಮದುವೆಗೆ ಕ್ಯಾಮೆರಾದ 18,000 ಜಮೆ ಖಾಲಿ. ಮೂರನೇ ಮದುವೆಯಿಂದ ಕೈಯಿಂದ ಕಟ್ಟಬೇಕು, ತಿಂಗಳು ತಿಂಗಳು ರಿಟರ್ನ್ ಹಾಕೋ ಆಡಿಟರ್ ಫೀಸ್ ಬೇರೆ. ಸಣ್ಣವರಿಗೆ ಅಂತಲೇ ಇರುವ ಕಾಂಪೊಸಿಷನ್ ಯೋಜನೆಯಲ್ಲಿ ಸೇವೆಗೆ 6% ಕಟ್ಟಿದರೆ ಸಾಕು, ಆದರೆ ಅಲ್ಲಿ ಐಟಿಸಿಯೇ ಇಲ್ಲ. ಯಾವ ಬಾಗಿಲು ತಟ್ಟಿದರೂ ಆ 18,000 ಅವನ ತಲೆ ಮೇಲೇ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲಂತೂ ಜಿಎಸ್‌ಟಿ ನಂಬರ್ ಅಂದರೆ ಊರ ಕಡೆ ಜನ ಬೆಚ್ಚಿಬೀಳ್ತಾರೆ.

ಬಿಲ್ ಬೇಡ ಅನ್ನುವ ಹಳ್ಳಿ ಹುಡುಗನನ್ನು ತೆರಿಗೆಗಳ್ಳ ಅಂತ ಬೈಯೋದು ಸುಲಭ. ದೊಡ್ಡವನಿಗೆ ಕಾನೂನಿನ ದಾರಿಯಲ್ಲೇ ಸಿಗುವ 18,000ವನ್ನು ಇವನು ಕದ್ದುಮುಚ್ಚಿ ಪಡೆಯೋಕೆ ನೋಡ್ತಿದ್ದಾನೆ. ಕಸುಬಿನ ಸಲಕರಣೆಗೆ ಸಣ್ಣವರಿಗೂ ತೆರಿಗೆ ವಾಪಸ್ ಕೊಡುವ ಒಂದು ಯೋಜನೆಯನ್ನು ರಾಜ್ಯ ತನ್ನ 9,000ದ ಪಾಲಿನಿಂದ ಮಾಡಬಹುದು. ದರ ಬದಲಿಸೋಕೆ ಕೌನ್ಸಿಲ್ ಬೇಕು, ತನಗೆ ಬಂದ ಹಣವನ್ನು ಸಹಾಯಧನವಾಗಿ ಕೊಡೋಕೆ ಬೇಡ. ಕೈಗಾರಿಕಾ ನೀತಿಯ ಹೆಸರಲ್ಲಿ ದೊಡ್ಡ ಹೂಡಿಕೆದಾರರಿಗೆ ರಿಯಾಯಿತಿ ಕೊಡುವಾಗ ಸರ್ಕಾರಗಳಿಗೆ ಈ ದಾರಿ ಚೆನ್ನಾಗಿಯೇ ನೆನಪಿರುತ್ತೆ.

ತೆರಿಗೆ ಬರೀ ಬೆಲೆಯನ್ನಲ್ಲ, ಕ್ಯಾಮೆರಾವನ್ನೇ ಬದಲಿಸಿದ ಕಥೆಯೂ ಒಂದಿದೆ, ಸಂದರ್ಭ ಬಂದಿದ್ದಕ್ಕೆ ಹೇಳಿಬಿಡ್ತೀನಿ. ಹಳೇ ಕ್ಯಾಮೆರಾಗಳಲ್ಲಿ ವಿಡಿಯೊ 29 ನಿಮಿಷ 59 ಸೆಕೆಂಡಿಗೆ ನಿಂತುಹೋಗುತ್ತಿತ್ತು. ತಾಂತ್ರಿಕ ದೋಷ ಅಂತ ಸುತ್ತೂರು ಜಾತ್ರೆಯ ಸಾಮೂಹಿಕ ಮದುವೆಗಳಲ್ಲಿ ಎಷ್ಟು ಜನ ವಿಡಿಯೊದವರು ಬೈದುಕೊಂಡಿದ್ದಾರೋ. ಅಸಲಿಗೆ 30 ನಿಮಿಷ ದಾಟಿ ರೆಕಾರ್ಡ್ ಮಾಡಿದರೆ ಯುರೋಪ್ ಒಕ್ಕೂಟದಲ್ಲಿ ಅದು ವಿಡಿಯೊ ಕ್ಯಾಮೆರಾ ಅನ್ನಿಸಿಕೊಂಡು ಹೆಚ್ಚು ಆಮದು ಸುಂಕ ಬೀಳುತ್ತಿತ್ತು, ಕಂಪನಿಗಳು ಒಂದು ಸೆಕೆಂಡ್ ಮುಂಚೆಯೇ ನಿಲ್ಲಿಸುತ್ತಿದ್ದವು.

ಕೊನೆಗೆ ತಮ್ಮ ಚೆನ್ನೈಗೆ ಹೋಗಲಿಲ್ಲ. ನಾಲ್ಕು ಊರಿನ ಅಂಗಡಿಗಳಿಗೆ ಫೋನ್ ಮಾಡಿ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದ: "ಕಂಪ್ನಿ ವಾರಂಟಿ, ಜಿಎಸ್‌ಟಿ ಬಿಲ್ ಸೇರ್ಸಿ ಕೈಗೆಷ್ಟು?" ಹಾಗೆ ಕೇಳಿದಾಗ ಆ 16,000ದ ವ್ಯತ್ಯಾಸ ಎಲ್ಲೂ ಉಳಿಯಲಿಲ್ಲ. ಕೊಯಮತ್ತೂರಿನ ಒಬ್ಬರು ಲಾಭ ಬಿಟ್ಟುಕೊಟ್ಟು 1,12,000ಕ್ಕೆ ಒಪ್ಪಿದರು. ಮೈಸೂರಿನವರು 1,16,000ಕ್ಕಿಂತ ಕೆಳಗೆ ಬರಲಿಲ್ಲ. ಚಾಮರಾಜನಗರದ ಮೇಲೆ ದಿಂಬಂ ಘಾಟಿ ಇಳಿದು ಹೋಗಿ ಬಂದ.

ಸಂಜೆ ವಾಟ್ಸಾಪಿನಲ್ಲಿ ಬಿಲ್ಲಿನ ಫೋಟೊ ಬಂತು. ತೆರಿಗೆ ಬಿಟ್ಟು 94,915, ಐಜಿಎಸ್‌ಟಿ 17,085. ಕೆಳಗೆ ಅವನ ಧ್ವನಿ ಸಂದೇಶ: "ಅಣ್ಣಾ, ಊರ್ ಹೆಸ್ರು ಹೆಮ್ಮರಗಲಿ ಅಂತ ಹಾಕ್ಬುಟ್ಟವ್ರೆ, ಏನಾರ ತೊಂದ್ರೆ ಆಯ್ತದಾ?"

ಪಕ್ಕದಲ್ಲಿ ರಾಜ್ಯದ ಹೆಸರು ಏನಿದೆ ಅಂತ ದೊಡ್ಡದು ಮಾಡಿ ನೋಡಿದೆ. ಕರ್ನಾಟಕ ಅಂತಲೇ ಇತ್ತು.